ಟ್ಯಾಂಕಿನಿಂದ ಜಗುಲಿವರೆಗೆ

ನೀರಿನ ಟ್ಯಾಂಕಿನ ಬುಡದಲ್ಲಿ ಬೈಕ್ ನಿಲ್ಲಿಸಿಕೊಂಡು ಶಿವಸ್ವಾಮಿ ಕೈ ಎತ್ತಿದ. ಬೀದಿಯ ಆ ತುದಿಯ ಜಗುಲಿ ಮೇಲೆ ಕುಳಿತಿದ್ದ ಅವನ ಅಕ್ಕ ಕುಮಾರಿ, ಮಡಿಲಲ್ಲಿದ್ದ ಅವರೆಕಾಯಿ ಮೊರವನ್ನು ಬಿಗಿಯಾಗಿ ಹಿಡಿದು ತಲೆಯಾಡಿಸಿದಳು. ಅವನು ಕಿಕ್ ಹೊಡೆದ. ಸೈಲೆನ್ಸರ್ ಬಿಚ್ಚಿಸಿದ್ದ ಬೈಕು, ಬೇಗೂರಿನ ನಾಯಿಗಳೆಲ್ಲ ಎದ್ದು ಕೂರುವಂತೆ ಗುಡುಗಿತು. ಅಕ್ಕನ ಭುಜಗಳು ಕಿವಿಯವರೆಗೆ ಏರಿದ್ದು ಅಷ್ಟು ದೂರಕ್ಕೂ ಕಂಡಿತು. ಅವನು ಆಫ್ ಮಾಡಲಿಲ್ಲ. ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟು, ಬಿಸಿ ಟೀ ಆರಿಸುವವಳ ಹಾಗೆ ತುಟಿ ಮುಂದೆ ಮಾಡಿ ಉಸಿರನ್ನು ಉದ್ದಕ್ಕೆ ಬಿಟ್ಟಳು. ಭುಜ ಮೆಲ್ಲಗೆ ಇಳಿಯಿತು.

"ಸೀನ್ ಓಕೆ ಕಣಕ್ಕ. ನಾಳಕ ಕ್ಯಾಮೆರಾ ವಸಿ ಅತ್ರಕ ತತ್ತೀನಿ," ಎಂದು ಅಲ್ಲಿಂದಲೇ ಕೂಗಿದ.

ಊರಲ್ಲಿ ಅವನಿಗೆ ಡೈಲಾಗ್ ಸ್ವಾಮಿ ಎಂದೇ ಹೆಸರು. ಮೊಬೈಲಿನಲ್ಲಿ ಆನೆ ಘೀಳಿಡುವ ಸದ್ದು ಹಾಕಿ, ಬಸ್ಸಿಗೆ ಕಾಯುವವರನ್ನು ಚೀಲ ಬಿಟ್ಟು ಓಡಿಸಿದವನು. ಗಂಡನ ಊರಾದ ಉಡಿಗಾಲದಿಂದ ಕುಮಾರಿ ಒಂದೇ ಬ್ಯಾಗು ಹಿಡಿದು ಬಂದ ದಿನವೂ ಅವನು ಬಾಗಿಲ ಹಿಂದೆ ಅಡಗಿ ನಿಂತು ವಿಲನ್ ದನಿಯಲ್ಲಿ ಅಬ್ಬರಿಸಿದ್ದ. ಅವಳು ಕಿರುಚಲಿಲ್ಲ. ಮೂಲೆಗೆ ಸರಿದು, ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ತಲೆಗೆ ಅಡ್ಡ ಹಿಡಿದಳು. ಏಟು ಎಲ್ಲಿಗೆ ಬೀಳುತ್ತದೆಂದು ಆ ಕೈಗಳಿಗೆ ಗೊತ್ತಿತ್ತು. ಅವನ ನಗು ಬಾಯಲ್ಲೇ ಉಳಿಯಿತು.

ಅವಳ ಗಂಡ ಸೋಮೇಶನ ಬೈಕೂ ಇಂಥದ್ದೇ. ತಿರುವಿನಲ್ಲಿ ಅದರ ಸದ್ದು ಕೇಳಿತೆಂದರೆ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಗೆ ಒರಗಿ ನಿಲ್ಲುತ್ತಿದ್ದಳಂತೆ. ಈಗ ಹೈವೇಯಲ್ಲಿ ಯಾರದೋ ಬೈಕು ಹೋದರೂ ಕೈಲಿದ್ದ ಲೋಟ ಬೀಳುತ್ತಿತ್ತು. ಮಲಗಿದರೆ ನಿದ್ದೆ ಇಲ್ಲ, ಗೋಡೆಗೆ ಬೆನ್ನು ಕೊಟ್ಟು ಕೂತೇ ತೂಕಡಿಸುತ್ತಿದ್ದಳು. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವ್ವ ಮರಿತಾಯಮ್ಮ ಗಾಳಿ ಸೋಕಿದೆಯೆಂದು ದಾರ ಕಟ್ಟಿಸಿದಳು. ಅಪ್ಪ ಮಾದಣ್ಣ, ತವರಲ್ಲಿ ಉಂಡು ಕೂತವಳಿಗೆ ಇನ್ನೆಂಥ ಹೆದರಿಕೆ ಎಂದ. ಕೊನೆಗೆ ಶಿವಸ್ವಾಮಿಯೇ ಗುಂಡ್ಲುಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಬೈಕಿನಲ್ಲಲ್ಲ, ಬಸ್ಸಿನಲ್ಲಿ.

ಅಲ್ಲಿ ಕೌನ್ಸೆಲರ್ ಮೇಡಂ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಕಳ್ಳ ಬಂದು ಹೋದ್ಮೇಲೂ ಮನೆ ನಾಯಿ ಎಲೆ ಅಲ್ಲಾಡಿದ್ರೂ ಬೊಗಳುತ್ತಲ್ಲ, ನಿನ್ನ ನರಗಳು ಹಾಗಾಗಿವೆ ಅಷ್ಟೆ. ನಾಯಿಗೆ ಹೊಡೀಬಾರ್ದು. ಕಳ್ಳ ಹೋದ ಅಂತ ಅದಕ್ಕೆ ನಿಧಾನಕ್ಕೆ ತಿಳಿಸ್ಬೇಕು," ಎಂದರು. ಉಸಿರು ಬಿಡುವ ಬಗೆ ಹೇಳಿಕೊಟ್ಟರು. ಸದ್ದನ್ನು ದೂರದಿಂದ ಕೇಳಿಸಿ, ಅವಳು ತಡೆದುಕೊಂಡಷ್ಟೇ ಹತ್ತಿರ ತರಬೇಕೆಂದರು. ಹೊರಡುವಾಗ ಇನ್ನೊಂದು ಮಾತನ್ನೂ ಹೇಳಿದರು. ಇದಕ್ಕೆಲ್ಲ ಮೊದಲು ಕಳ್ಳ ನಿಜವಾಗಿಯೂ ಹೋಗಿರಬೇಕು. ಆ ಹೊತ್ತಿಗೆ ಶಿವಸ್ವಾಮಿ ಬೈಕನ್ನು ಎಲ್ಲಿಂದ ಶುರು ಮಾಡುವುದೆಂದು ಲೆಕ್ಕ ಹಾಕುತ್ತಿದ್ದ.

ಬೈಕು ಟ್ಯಾಂಕಿನಿಂದ ಅಂಗಡಿಗೆ ಬಂತು. ಅಂಗಡಿಯಿಂದ ಬೇವಿನ ಮರಕ್ಕೆ. ಅಲ್ಲಿ ಬಹಳ ದಿನ ನಿಂತಿತು, ಒಮ್ಮೆ ಮತ್ತೆ ಅಂಗಡಿಗೇ ಹಿಂದೆ ಹೋಯಿತು. ಅವಳು ಅತ್ತ ದಿನ ಅವನು ಹೀರೋಯಿನ್ ದನಿಯಲ್ಲಿ ತಾನೂ ಅತ್ತು ನಗಿಸಿದ. ಅವರೆಕಾಯಿ ಮುಗಿಯುವ ಕಾಲಕ್ಕೆ ಒಂದು ಸಂಜೆ ಜಗುಲಿಯ ಪಕ್ಕಕ್ಕೇ ತಂದು ಆಕ್ಸಿಲರೇಟರ್ ತಿರುವಿದರೆ, ಕುಮಾರಿ ಕಾಯಿ ಬಿಡಿಸುತ್ತಲೇ ಇದ್ದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಶಿವಸ್ವಾಮಿ ಬೀದಿಯವರನ್ನೆಲ್ಲ ಕರೆದು, ಅವ್ವ ಅಪ್ಪನನ್ನು ಹೊರಗೆ ಎಳೆದು, ಮತ್ತೆ ಮತ್ತೆ ಗುಡುಗಿಸಿ ತೋರಿಸಿದ. ಎದುರುಮನೆ ಚಿಕ್ಕಮಲ್ಲಮ್ಮ ಚಪ್ಪಾಳೆ ತಟ್ಟಿದಳು. ಕುಮಾರಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು.

ಮರುದಿನ ಮಾದಣ್ಣ ಉಡಿಗಾಲಕ್ಕೆ ಫೋನ್ ಮಾಡಿದ.

ಭಾನುವಾರ ಕುಲದ ಯಜಮಾನ ಪುಟ್ಟಬಸಪ್ಪ ಜಗುಲಿಯ ಚಾಪೆಯ ಮೇಲೆ ಕೂತಿದ್ದ. ಟ್ಯಾಂಕಿನ ಹತ್ತಿರ ಸೋಮೇಶನ ಬೈಕಿನ ಸದ್ದು ಕೇಳಿದಾಗ ಎಲ್ಲರೂ ರಸ್ತೆ ನೋಡಲಿಲ್ಲ, ಕುಮಾರಿಯನ್ನು ನೋಡಿದರು. ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಉಸಿರು ಬಿಟ್ಟಳು. ಬೈಕು ಅಂಗಡಿ ದಾಟಿತು, ಬೇವಿನ ಮರ ದಾಟಿತು, ಜಗುಲಿಗೆ ತಾಕುವಂತೆ ಬಂದು ನಿಂತಿತು. ಅವಳು ಅಲುಗಲಿಲ್ಲ.

"ಗುಣ ಆಗ್ಯದ ಬುಡು ಮಾದಣ್ಣ," ಎಂದ ಪುಟ್ಟಬಸಪ್ಪ. "ಇನ್ಯಾಕ ಮಡಿಕಂಡು ಜನದ ಬಾಯ್ಗ ಬೀಳ್ತಿಯೆ."

ಇನ್ನು ಕೈ ಮಾಡುವುದಿಲ್ಲವೆಂದು ಸೋಮೇಶ ಬೆಟ್ಟದ ದೇವರು ಮಾದಪ್ಪನ ಮೇಲೆ ಆಣೆ ಇಟ್ಟ. ಹಿಂದೆಯೂ ಇಟ್ಟಿದ್ದ. ಹೋಗುತ್ತೀಯಾ ಎಂದು ಯಜಮಾನ ಕುಮಾರಿಯನ್ನು ಕೇಳಿದ. ಅವಳು ಅವ್ವನ ಕಡೆ ನೋಡಿದಳು, ಅವ್ವ ನೆಲ ನೋಡಿದಳು. ಶಿವಸ್ವಾಮಿ ಚಾಪೆಯ ಹತ್ತಿರಕ್ಕೆ ಸರಿದ.

"ಅಪ್ಪ, ಗುಣ ಆಗಿರದು ಅವ್ಳಗ. ಅವ್ನಗಲ್ಲ," ಎಂದ.

ಮಾದಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಗನ ಕಡೆ ತಿರುಗಲಿಲ್ಲ. "ಬೀದಿನೆಲ್ಲ ಕರ್ದು ತೋರ್ಸ್ದೋನು ನೀನೆ ಅಲ್ವೇನ್ಲಾ," ಎಂದ.

ಕುಮಾರಿ ಒಳಗೆ ಸೀರೆ ಮಡಚುತ್ತಿದ್ದಳು. ಶಿವಸ್ವಾಮಿ ಬಾಗಿಲು ಮುಂದೆ ಮಾಡಿ ಅವಳ ಮುಂದೆ ಕೂತ. ಆಸ್ಪತ್ರೆಯ ಮೇಡಂ ಕೊನೆಗೆ ಹೇಳಿದ್ದ ಮಾತು ಈಗ ಕಿವಿಯಲ್ಲಿ ನಿಂತಿತ್ತು.

"ಅಕ್ಕ, ವಸಿ ನಡುಗಕ್ಕ. ಆಕ್ಟಿಂಗ್ ಆದ್ರೂ ಮಾಡು. ಲೋಟ ಬೀಳ್ಸು. ನಾ ಓಗಿ ಅವ್ರ್ನೆಲ್ಲ ಒಳಕ ಕರ್ಕಬತ್ತೀನಿ."

ಅವಳು ಎರಡೂ ಕೈ ಮುಂದೆ ಚಾಚಿ, ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ಬೆರಳು ಅಲ್ಲಾಡಲಿಲ್ಲ.

"ನಾಯ್ನ ನೀನು ಸುಮ್ಕಿರ್ಸ್ಬುಟ್ಟೆ ಕಣ್ಲಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ತಲೆ ಒಮ್ಮೆ ಸವರಿ ಬ್ಯಾಗಿನ ಜಿಪ್ ಎಳೆದಳು.

ಬಂದಾಗಿನ ಅದೇ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಸೋಮೇಶನ ಬೈಕಿನ ಹಿಂದೆ ಕೂತಳು. ಒಂದು ಕೈ ಸೀಟಿನ ಕಂಬಿಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಶಿವಸ್ವಾಮಿ ಜಗುಲಿಯ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು ಕೇಳಿಸಿಕೊಂಡ. ಸದ್ದು ಬೇವಿನ ಮರಕ್ಕೆ ಹೋಯಿತು, ಅಂಗಡಿಗೆ ಹೋಯಿತು, ಟ್ಯಾಂಕಿಗೆ ಹೋಯಿತು. ಆಮೇಲೆ ಹೈವೇಯ ಲಾರಿಗಳಲ್ಲಿ ಸೇರಿಹೋಯಿತು.

ಮರುದಿನ ಬೆಳಿಗ್ಗೆ ಅವನು ಗುಂಡ್ಲುಪೇಟೆಯ ಮೊಬೈಲ್ ಅಂಗಡಿಗೆ ಕೆಲಸಕ್ಕೆ ಹೊರಟ. ಬೈಕಿನ ಸ್ಟ್ಯಾಂಡ್ ತೆಗೆದ, ಕಿಕ್ ಹೊಡೆಯಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಬೀದಿಗಿಳಿದ. ಅಂಗಳ ಗುಡಿಸುತ್ತಿದ್ದ ಚಿಕ್ಕಮಲ್ಲಮ್ಮ ಪೊರಕೆ ನಿಲ್ಲಿಸಿ ನೋಡಿದಳು.

"ಯಾಕ್ಲಾ ಸ್ವಾಮಿ, ಪೆಟ್ರೋಲ್ ಮುಗ್ದೋಯ್ತಾ?"

ಹೂಂ ಎಂದು ತಲೆಯಾಡಿಸಿದ. ಬೇವಿನ ಮರ ದಾಟಿದ, ಅಂಗಡಿ ದಾಟಿದ. ಟ್ಯಾಂಕಿನ ಹತ್ತಿರ ದಾರಿ ಏರು. ಬೆನ್ನು ಬಗ್ಗಿಸಿ ತಳ್ಳಿದ. ಹೈವೇ ಸಿಕ್ಕಿದ ಮೇಲೂ ಹಾಗೆಯೇ ಅಂಚಿನಲ್ಲಿ ತಳ್ಳುತ್ತಾ ಹೋದ.