ಹುರಳಿ ಬಿಟ್ಟವಳ ಬೀಸುಕಲ್ಲು

ನಾನು ಒಂದು ಬೀಸುಕಲ್ಲು. ಬಂಡೆಯ ಹೊಟ್ಟೆಯಲ್ಲಿ ಮಲಗಿದ್ದ ನನ್ನನ್ನು ಕಲ್ಲುಕುಟಿಗ ಹನುಮಜ್ಜ ಎಬ್ಬಿಸಿದ. ಉಳಿಪೆಟ್ಟು ತಿಂದು ತಿಂದು ಎರಡು ಬಿಲ್ಲೆಯಾದೆ. ಮೇಲಿನದಕ್ಕೆ ಬಾಯಿ ಕೊರೆದು, ಮರದ ಗೂಟ ಬಡಿದು, "ಹೋಗು, ಯಾವುದಾದರೂ ಮನೆ ಹೊಟ್ಟೆ ತುಂಬಿಸು" ಅಂದ. ಎತ್ತಿನ ಗಾಡಿಯಲ್ಲಿ ಬಯಲುಸೀಮೆಯ ಒಂದು ಹೆಂಚಿನ ಮನೆಗೆ ಬಂದೆ.

ಆ ಮನೆಯ ಸೊಸೆ ಚೆನ್ನಾಜಮ್ಮ. ಕೋಳಿ ಕೂಗುವ ಹೊತ್ತಿಗೆ ನನ್ನ ಮುಂದೆ ಕಾಲು ಚಾಚಿ ಕೂತು, ಹಾಡು ಹೇಳುತ್ತಾ ರಾಗಿ ಬೀಸುತ್ತಿದ್ದಳು. ನಾನು ನೆಲದ ಮೇಲಿನ ಜೀವ. ನನಗೆ ಕಾಣುತ್ತಿದ್ದುದು ಅವಳ ಗಲ್ಲ, ಬಳೆ, ಸೆರಗಿಗೆ ಅಂಟಿದ ಹಿಟ್ಟು.

ಚೊಚ್ಚಲ ಕೂಸು ಹುಟ್ಟಿತು. ನಮ್ಮ ಕಡೆ ಬಾಣಂತಿ ಬೇಳೆಕಾಳು ಮುಟ್ಟುವ ಹಾಗಿಲ್ಲ, ವಾಯು ಅಂತಾರೆ. ಅನ್ನ, ಮೆಣಸಿನ ಸಾರು, ಅಷ್ಟೇ. ಒಂದು ದಿನ ಹಸಿವು ತಾಳಲಾರದೆ ಚೆನ್ನಾಜಮ್ಮ ನಿಂತ ಕಾಲಲ್ಲೇ ಹುರಳಿ ಸಾರಲ್ಲಿ ಮುದ್ದೆ ನುಂಗಿದಳು. ಆ ವಾರವೇ ಕೂಸಿಗೆ ಜ್ವರ ಬಂತು. ಉಳಿಯಲಿಲ್ಲ.

"ಹುರಳಿ ತಿಂದು ಕೂಸನ್ನೇ ತಿಂದ್ಲು" ಅಂದರು ಬಂದವರೆಲ್ಲ. ಅದೇ ಜ್ವರ ಅಕ್ಕಪಕ್ಕದ ಮನೆಗಳ ಕೂಸುಗಳಿಗೂ ಬಂದಿದ್ದು ಯಾರ ಬಾಯಲ್ಲೂ ಬರಲಿಲ್ಲ. ಕಾಳು ಹಾಕದೆ ಬರಿಗಲ್ಲು ತಿರುಗಿಸಬಾರದು ಅನ್ನುತ್ತಾರೆ. ಅವಳು ತಿರುಗಿಸಿದಳು. ನನ್ನ ಸದ್ದಿನಲ್ಲಿ ಅವಳ ಅಳು ಯಾರಿಗೂ ಕೇಳಿಸಲಿಲ್ಲ.

ಅಂದಿನಿಂದ ಅವಳು ಕಾಳು ಬಿಟ್ಟಳು. ಎಲ್ಲರೂ ಸಾರು ಸುರಿದುಕೊಂಡು ಉಂಡ ಮೇಲೆ, ನನ್ನ ಪಕ್ಕ ಒಬ್ಬಳೇ ಕೂತು ಮುದ್ದೆಗೆ ಉಪ್ಪು-ಮೆಣಸಿನಕಾಯಿ ಹಚ್ಚಿಕೊಂಡು ನುಂಗುತ್ತಿದ್ದಳು. ಆಮೇಲೆ ಮಗ ಹುಟ್ಟಿ ಬೆಳೆದ. ಗಂಡ ಹೋದ. ಅವಳೇ ಅತ್ತೆಯಾದಳು. ತಟ್ಟೆ ಮಾತ್ರ ಬದಲಾಗಲಿಲ್ಲ.

ಸೊಸೆ ನಾಗವೇಣಿಗೆ ಹೆಣ್ಣು ಮಗು. ಅತ್ತೆಯ ಕಟ್ಟಪ್ಪಣೆಯಂತೆ ಅದಕ್ಕೆ ಬರೀ ರಾಗಿಹಿಟ್ಟಿನ ಸರಿ ಕುಡಿಸುತ್ತಿದ್ದರು. ವರ್ಷ ತುಂಬುತ್ತಾ ಬಂದರೂ ಕೈಕಾಲು ಕಡ್ಡಿ, ಕೂರಿಸಿದರೆ ವಾಲುತ್ತಿತ್ತು. ತೂಕ ನೋಡಿದ ಅಂಗನವಾಡಿ ಟೀಚರು "ಹಿಂಗೇ ಬಿಟ್ರೆ ಮಗು ನಿಮಗೆ ದಕ್ಕಲ್ಲ" ಅಂದರಂತೆ.

ಮಾರನೇ ದಿನ ನಾಗವೇಣಿ ಹುರಿದ ಹೆಸರುಕಾಳನ್ನು ಮೊರದಲ್ಲಿ ತಂದು ರಾಗಿ ಪಕ್ಕ ಇಟ್ಟಳು.

"ತೆಗಿಯೇ ಅದನ್ನ!" ಅಂದಳು ಚೆನ್ನಾಜಮ್ಮ.

"ಅತ್ತೆ, ರಾಗೀಲಿ ಕಮ್ಮಿ ಇರೋದು ಕಾಳಲ್ಲಿದೆಯಂತೆ, ಕಾಳಲ್ಲಿ ಕಮ್ಮಿ ಇರೋದು ರಾಗೀಲಿದೆಯಂತೆ. ಎರಡೂ ಸೇರಿದ್ರೇನೇ ಮಗೂಗೆ ಮೈ ಹತ್ತೋದಂತೆ."

"ಅಂತೆಕಂತೆ ಕೇಳ್ಕೊಂಡು ನನ್ನ ಮೊಮ್ಮಗಳ ಜೀವ ತೆಗೀತೀಯಾ? ಒಂದು ಕೂಸನ್ನ ಹುರಳಿಗೆ ಕೊಟ್ಟೋಳು ಕಣೇ ನಾನು."

ಆ ಮಾತು ನಾಗವೇಣಿ ಕೇಳಿದ್ದು ಅದೇ ಮೊದಲು. ಅತ್ತೆಯ ಪಕ್ಕ ಕೂತು, ಮೆಲ್ಲಗೆ ಅಂದಳು: "ನಮ್ಮವ್ವ ಬಾಣಂತನದಲ್ಲೂ ಹುರಳಿ ಸಾರು ಉಂಡೋಳೇ, ಅತ್ತೆ. ನಾವೆಲ್ಲ ಬದುಕಿಲ್ವಾ?"

ಒಳಗೆ ಮಗು ಕುಂಯ್ ಅಂತು. ಅಳುವುದಕ್ಕೂ ಅದಕ್ಕೆ ಶಕ್ತಿ ಸಾಲದು. ಚೆನ್ನಾಜಮ್ಮನ ಮುಷ್ಟಿ ನನ್ನ ಬಾಯಿಯ ಮೇಲೆ ಬಂತು. ಮುಷ್ಟಿಯಲ್ಲಿ ಹೆಸರುಕಾಳು. ಬಹಳ ಹೊತ್ತು ಅದು ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಇಬ್ಬರೂ ಗೂಟ ಹಿಡಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಮಗು ನನ್ನ ಗೂಟ ಹಿಡಿದು ಎದ್ದು ನಿಂತಿತು. ಕೆನ್ನೆ ತುಂಬಿತ್ತು. ಚೆನ್ನಾಜಮ್ಮ ಅದನ್ನೇ ನೋಡುತ್ತಾ, ಯಾರಿಗೂ ಕೇಳದ ಹಾಗೆ ಕೇಳಿದಳು: "ಹಂಗಾದ್ರೆ ಅವತ್ತು... ನಾನಲ್ವಾ?"

ಮಗುವನ್ನು ಬಿಟ್ಟರೆ ಹತ್ತಿರ ಇದ್ದವನು ನಾನೊಬ್ಬನೇ. ನನ್ನ ಬಾಯಿ ಕಾಳು ನುಂಗುವುದಕ್ಕೆ ಮಾತ್ರ.

ಆ ಮಧ್ಯಾಹ್ನ ಅವಳು ಎಲ್ಲರ ಜೊತೆ ಕೂತು ತಟ್ಟೆ ಚಾಚಿದಳು. "ಒಂಚೂರು ಹುರಳಿ ಸಾರು ಬಿಡೇ." ಮೊದಲ ತುತ್ತು ಬಾಯಲ್ಲೇ ನಿಂತಿತು.

"ಉಪ್ಪು ಸಾಲದಾ ಅತ್ತೆ?"

"ಸರಿಯಾಗೈತೆ ಕಣೇ" ಅಂದು ಮುಖ ಗೋಡೆಯ ಕಡೆ ತಿರುಗಿಸಿದಳು.

ಈಗ ಊರಿಗೆ ಗಿರಣಿ ಬಂದಿದೆ. ಚೆನ್ನಾಜಮ್ಮ ಇಲ್ಲ. ನಾನು ಹಿತ್ತಲಿನ ಸೀಬೆಮರದ ಕೆಳಗೆ ಒಂಟಿ. ಆ ತುತ್ತು ನುಂಗುವಾಗ ಅವಳಿಗೆ ಎದೆಭಾರ ಇಳಿಯಿತೋ, ಇಷ್ಟು ವರ್ಷ ಸುಮ್ಮನೆ ಒಣಮುದ್ದೆ ನುಂಗಿದೆನಲ್ಲ ಎಂಬ ಸಂಕಟ ಏರಿತೋ, ನನಗೆ ಇಂದಿಗೂ ತಿಳಿಯದು. ಅವಳ ಮುಖ ಗೋಡೆಯ ಕಡೆಗಿತ್ತು.