ಗೋಡೆಯ ಮನುಷ್ಯನ ಗುಂಡಿಗೆ

ಹೆಣ ಎತ್ತಲು ಬಗ್ಗಿದ ನಾಲ್ವರ ಕೈಗೂ ಬಾಲಮ್ಮ ಒಂದೊಂದು ಏಟು ಬಿಟ್ಟಳು.

"ಹೆಡ್ ಮಾಸ್ತರ ಬಂದು ತಪ್ಪಾತು ಅನ್ನೋತನಕ ನನ್ ಗಂಡನ್ನ ಯಾರೂ ಮುಟ್ಟಂಗಿಲ್ಲ!"

ಕಟ್ಟೆಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದ ಪೇಂಟರ್ ಅಂಬ್ರಪ್ಪನಿಗೆ ಯಾವ ಅವಸರವೂ ಇರಲಿಲ್ಲ. ಹೊಸ ಬಿಳಿ ಅಂಗಿ, ಕಿಸೆಯಲ್ಲಿ ಅವನ ಸಣ್ಣ ಬ್ರಶ್ಶು. ಕಕ್ಕೇರಾದ ಅರ್ಧ ಊರು ಅಂಗಳದ ಬಿಸಿಲಲ್ಲಿ ಬೇಯುತ್ತಿತ್ತು.

"ಫೋನ್ ಹಚ್ಚೇನಿ, ಬರಾಕತ್ತಾರ," ಎಂದಳು ನೆರೆಮನೆಯ ಹಜರಾಬೀ. "ಯಾಕಂತ ಹೇಳಿಲ್ಲ."

*

ಆರು ವರ್ಷದ ಹಿಂದೆ ಶಾಲೆಯ ಹೊರಗೋಡೆಗೆ ಮನುಷ್ಯನ ಒಳಗಿನದೆಲ್ಲ ಬರೆಯುವ ಕೆಲಸ ಅಂಬ್ರಪ್ಪನಿಗೆ ಸಿಕ್ಕಿತ್ತು. ಪುಸ್ತಕದ ಚಿತ್ರ ಅವನಿಗೆ ಸಾಲಲಿಲ್ಲ. ಕಟುಕ ನಸೀರುದ್ದೀನನಿಂದ ಕುರಿಯ ಗುಂಡಿಗೆ ತಂದು, ತಾಟಿನಲ್ಲಿಟ್ಟು, ಸಂಜೆತನಕ ಅದರ ನರ ನರವನ್ನೂ ಬರೆದುಕೊಂಡ. ಮಸಾಲೆ ಅರೆದು ಕಾದಿದ್ದ ಬಾಲಮ್ಮ ಕೊನೆಗೆ ಅದನ್ನು ನಾಯಿಗೆ ಹಾಕಿದಳು.

ಗೋಡೆಯ ಚಿತ್ರ ಮುಗಿದಾಗ ಹೆಡ್ ಮಾಸ್ತರ ಲಕ್ಷ್ಮಿಕಾಂತ ಪಾಠದ ಪುಸ್ತಕ ಹಿಡಿದು ಬಂದರು.

"ಗುಂಡಗಿ ಎಡಕ್ಕ ಅಂತ ಬರದಾರ. ನೀ ಬಲಕ್ಕ ತಗದೀ."

"ಅಂವ ನಮ್ ಕಡಿ ಮಾರಿ ಮಾಡಿ ನಿಂತಾನ್ರಿ ಸರ. ನಮ್ಮ ಬಲ, ಅವನ ಎಡ."

"ಗ್ವಾಡಿ ಮ್ಯಾಲಿನವಗ ಎಲ್ಲೀ ಎಡಾ ಬಲಾ?"

ಅಂಬ್ರಪ್ಪ ಬ್ರಶ್ ಮುಟ್ಟಲಿಲ್ಲ. ಮಾಸ್ತರರೇ ಆ ಗುಂಡಿಗೆಯ ಮೇಲೆ ಸುಣ್ಣ ಬಳಿದು, ಆಚೆ ಕಡೆ ಇಸ್ಪೀಟಿನ ಆಟೀನಿನಂಥದ್ದೊಂದನ್ನು ಕೆಂಪಗೆ ಬರೆದರು. ಅಂದಿನಿಂದ ಅಂಬ್ರಪ್ಪ ಶಾಲೆಯ ದಾರಿಯನ್ನೇ ಬಿಟ್ಟ. ಸಾಯುವತನಕ ಅವನಿಗೆ ಅದೊಂದೇ ನೋವು.

*

ಮಾಸ್ತರ ಚೆಂಡುಹೂವು ಹಿಡಿದು ಬಂದರು. ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು.

"ಗುಂಡಗಿ ಮ್ಯಾಲ ಇಡ್ರಿ ಸರ," ಎಂದಳು ಬಾಲಮ್ಮ.

ಮಾಸ್ತರ ತಮ್ಮ ಎಡಕ್ಕೆ ಕೈ ಚಾಚಿದರು. ಅಲ್ಲಿ ಕಿಸೆ ಇರಲಿಲ್ಲ. ತಮ್ಮ ಅಂಗಿ ಮುಟ್ಟಿ ನೋಡಿಕೊಂಡರು, ಕಿಸೆ ಎಡಕ್ಕೇ ಇತ್ತು. ಅಂಬ್ರಪ್ಪನದನ್ನು ನೋಡಿದರು, ಅದು ತಮ್ಮ ಬಲಕ್ಕಿತ್ತು. ಇನ್ನೊಂದು ಸಲ ಹಾಗೇ ನೋಡಿ, ಹೂವನ್ನು ಮೆಲ್ಲಗೆ ಬಲಕ್ಕೆ ಸರಿಸಿ ಬ್ರಶ್ಶಿನ ಪಕ್ಕ ಸಿಕ್ಕಿಸಿದರು.

"ತಪ್ಪಾತೋ ಅಂಬ್ರಪ್ಪ."

"ಅದನ್ನ ಗ್ವಾಡಿ ಮುಂದ ಅನ್ನೂವಂತ್ರಿ, ನಡೀರಿ," ಎಂದಳು ಬಾಲಮ್ಮ.

ಅಂಬ್ರಪ್ಪನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟ ಟ್ರಾಕ್ಟರು ಶಾಲೆಯ ಎದುರು ನಿಂತಿತು. ಮಾಸ್ತರ ತಾವು ಬಳಿದಿದ್ದ ಸುಣ್ಣವನ್ನು ಕೀಲಿಕೈಯಿಂದ ಕೆರೆದರು. ಎಣ್ಣೆ ಬಣ್ಣದ ಮೇಲೆ ಸುಣ್ಣ ಹಿಡಿದಿರಲೇ ಇಲ್ಲ, ಹಪ್ಪಳದಂತೆ ಎದ್ದು ಬಂತು. ಕೆಳಗೆ ಒಂದು ನರವೂ ಮಾಸಿರಲಿಲ್ಲ. ಬಾಲಮ್ಮ ಆಗ ಜೋರಾಗಿ ಅತ್ತಳು.

ಮಾಸ್ತರ ತಮ್ಮ ಆಟೀನನ್ನೂ ಕೆರೆಯಹೋದರು.

"ಇರ್ಲಿ ಬಿಡ್ರಿ ಸರ," ಎಂದಳು ಹಜರಾಬೀ. "ಹೊತ್ತಾತು."

ಟ್ರಾಕ್ಟರು ಹೊರಟಿತು. ಎರಡು ಗುಂಡಿಗೆಯ ಮನುಷ್ಯ ಗೋಡೆಯಲ್ಲೇ ಉಳಿದ. ಕುರ್ಚಿಯಲ್ಲಿ ಕೂತ ಅಂಬ್ರಪ್ಪ ಕಿಸೆಯ ಹೂವು ಕುಣಿಸುತ್ತ, ಆರು ವರ್ಷದ ಮೇಲೆ ಶಾಲೆಯ ದಾರಿ ಹಿಡಿದು ಹೋದ.