ಸ್ವತಂತ್ರ ನಿರ್ದೇಶಕರ ಮೈಕು

ನಾನು ಒಂದು ಮೈಕು. ಕತ್ತು ಉದ್ದ, ತಲೆ ಸಣ್ಣದು, ಮಾತಾಡಲು ಒತ್ತುವ ಗುಂಡಿ ಪಾದದಲ್ಲಿ. ‘ಮೌನವೇ ಸಮ್ಮತಿ’ ಎಂದ ಮಹಾನುಭಾವ ಯಾರೋ ಗೊತ್ತಿಲ್ಲ. ಸಿಕ್ಕಿದರೆ ನನ್ನ ಮುಂದೆ ಕೂರಿಸಿ, ಎರಡು ಮಾತು ಕೇಳುವುದಿದೆ.

ನಾನು ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ಅಲ್ಲಿಂದ ಅಣ್ಣತಮ್ಮಂದಿರ ಜೊತೆ ಹುಬ್ಬಳ್ಳಿಯ ಒಂದು ಎಣ್ಣೆ ಕಂಪನಿಯ ಬೋರ್ಡ್‌ರೂಮಿಗೆ ಬಂದೆ. ನನ್ನ ಪಾಲಿಗೆ ಬಂದವರು ಸ್ವತಂತ್ರ ನಿರ್ದೇಶಕರು. ಅವರು ಮಾಲೀಕರ ನೆಂಟರೂ ಅಲ್ಲ, ನೌಕರರೂ ಅಲ್ಲ. ತಪ್ಪು ಕಂಡರೆ ‘ಬೇಡ’ ಎನ್ನಲೆಂದೇ ಕಾನೂನು ಅವರನ್ನು ಅಲ್ಲಿ ಕೂರಿಸಿತ್ತು. ಪುಣ್ಯಾತ್ಮರು ಗೋಡಂಬಿ ತಿಂದರು, ಚಹಾ ಕುಡಿದರು, ಮಾಲೀಕರ ತಪ್ಪು ಠರಾವುಗಳನ್ನು ಎಲ್ಲರೂ ಮೇಜು ಕುಟ್ಟಿ ಒಪ್ಪಿದಾಗ ತಾವೂ ಕುಟ್ಟಿದರು. ನನ್ನ ಗುಂಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಕಂಪನಿ ಮುಳುಗಿತು, ಸಾಮಾನು ಹರಾಜಾಯಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಹರಾಜಿನಲ್ಲಿ ನಮ್ಮನ್ನು ಕೊಂಡದ್ದು ಒಂದು ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗ. ಅಲ್ಲಿ ಪ್ರೊಫೆಸರ್ ಇಟಗಿಯವರು ಎಂ.ಕಾಂ. ಕೊನೆಯ ವರ್ಷದವರಿಗೆ ಕಾರ್ಪೊರೇಟ್ ಗವರ್ನೆನ್ಸ್, ಅಂದರೆ ಕಂಪನಿಯನ್ನು ನ್ಯಾಯವಾಗಿ ನಡೆಸುವ ಬಗೆ, ಕಲಿಸುತ್ತಿದ್ದರು. ಸುಳ್ಳೇಕೆ, ಚೆನ್ನಾಗಿಯೇ ಕಲಿಸುತ್ತಿದ್ದರು. ವಿದ್ಯಾರ್ಥಿಗಳಿಂದ ಅಣಕು ಬೋರ್ಡ್ ಸಭೆ ಮಾಡಿಸುತ್ತಿದ್ದರು. ಅದರಲ್ಲಿ ಸ್ವತಂತ್ರ ನಿರ್ದೇಶಕಿಯ ಪಾತ್ರವೂ ನಾನೂ ನೀಲಗಂಗಾ ಹಡಪದ ಎಂಬ ಹುಡುಗಿಯ ಪಾಲಿಗೆ ಬಂದೆವು.

ಆಗ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ತಪಾಸಣಾ ತಂಡ ಬರುವ ಸುದ್ದಿ ಬಂತು. ಅವರೆದುರು ಅಣಕು ಸಭೆ ತೋರಿಸಬೇಕು. ಇಟಗಿಯವರು ನಾಟಕದಂತೆ ತಾಲೀಮು ಶುರು ಮಾಡಿದರು. ಪಾಠದಲ್ಲಿ ಬಂದ ಉದಾಹರಣೆಯಂತೆ ಅಧ್ಯಕ್ಷ ತನ್ನ ಭಾವಮೈದುನನ ಜಾಗವನ್ನು ಕಂಪನಿಗೆ ಕೊಳ್ಳುವ ಠರಾವು ಓದಬೇಕು, ಎಲ್ಲರೂ ಮೇಜು ಕುಟ್ಟಬೇಕು, ಫೋಟೊ ತೆಗೆಯಬೇಕು. ‘ಬೇಡ’ ಎನ್ನಲು ಕಲಿಸುವ ವಿಭಾಗವೇ ‘ಹೂಂ’ ಎನ್ನಲು ತಾಲೀಮು ಮಾಡಿಸಿತು!

“ಸರ್, ಅದಕ್ಕ ಹೂಂ ಅನ್ನಾಕ ಬರೂದಿಲ್ಲರಿ,” ಎಂದಳು ನೀಲಗಂಗಾ.

“ಅವತ್ತೊಂದಿನ ಅಂದ್ಬಿಡವಾ. ಬಂದ ಮಂದಿ ಮುಂದ ಜಗಳ ಛಲೋ ಕಾಣಂಗಿಲ್ಲ. ಸೆಮಿನಾರ್ ಅಂಕ ನನ್ನ ಕೈಯಾಗ ಅದಾವು, ನೆನಪಿರ್ಲಿ.”

ಆ ಅಂಕ ಹೋದರೆ ಆ ವಿಷಯದಲ್ಲಿ ನಪಾಸು, ಒಂದು ವರ್ಷ ದಂಡ. ಅದು ಅವಳಿಗೂ ಗೊತ್ತಿತ್ತು.

ತಂಡ ಬಂದು ಕೂತಿತು. ಅಧ್ಯಕ್ಷನ ಪಾತ್ರದ ಬಸವಪ್ರಭು ಠರಾವು ಓದಿದ. ಕುಟ್ಟಲು ಕೈಗಳು ಎದ್ದವು. ಅಷ್ಟರಲ್ಲಿ ನೀಲಗಂಗಾ ನನ್ನ ಗುಂಡಿ ಒತ್ತಿದಳು.

“ಅಧ್ಯಕ್ಷರೇ, ಜಾಗ ನಿಮ್ಮ ಭಾವಮೈದುನರದು. ಈ ಚರ್ಚೆ ಮುಗಿಯೂತನ ನೀವು ಹೊರಗ ಕೂಡಬೇಕ್ರಿ. ನಾ ಇದಕ್ಕ ವಿರೋಧ ಅದೀನಿ.”

ಇಟಗಿಯವರು ಕಣ್ಣು ಬಿಟ್ಟರು. ಬಸವಪ್ರಭು ಗಾಬರಿಯಲ್ಲಿ, ಎಲ್ಲ ಮೈಕುಗಳ ಬಾಯಿ ಕಟ್ಟುವ ಅಧ್ಯಕ್ಷರ ಗುಂಡಿಯನ್ನು ಒತ್ತಿಬಿಟ್ಟ. ನನ್ನ ದೀಪ ಆರಿತು. ನೀಲಗಂಗಾ ನನ್ನನ್ನು ಪಕ್ಕಕ್ಕೆ ಸರಿಸಿ, ಎದ್ದು ನಿಂತು, ಅದೇ ಮಾತನ್ನು ಮತ್ತೆ ಹೇಳಿದಳು. ಹಿಂದಿನ ಬೆಂಚಿಗೂ ಕೇಳಿಸಿತು. ಸರಿಸಿದ್ದಕ್ಕೆ ನಾನು ಮುನಿಯಬೇಕಿತ್ತೇನೋ, ಹಿಗ್ಗಿ ಹೀರೇಕಾಯಿಯಾದೆ. ತಂಡದವರು ಚಹಾ ಮುಗಿಸಿ ಪಕ್ಕದ ವಿಭಾಗಕ್ಕೆ ಹೋದರು.

ಆರಿದ ನನ್ನ ದೀಪ ಮತ್ತೆ ಹತ್ತಲಿಲ್ಲ. ಕೆಲವು ದಿನಗಳ ಮೇಲೆ ನಾನು ರಿಪೇರಿಗೆಂದು ಇಟಗಿಯವರ ಮೇಜಿನ ಮೇಲಿದ್ದೆ. ಅವರು ನೀಲಗಂಗಾಳನ್ನು ಕರೆಸಿದರು.

“ತಪ್ಪಾತಂತ ಒಂದ್ ಸಾಲು ಬರಕೊಡು. ಅಂಕ ಹಾಕ್ತೀನಿ.”

“ಏನು ತಪ್ಪಾತು ಅಂತ ಹೇಳ್ರಿ ಸರ್. ಬರಕೊಡ್ತೀನಿ.”

ಅವಳು ಆಡಿದ್ದು ಇಟಗಿಯವರೇ ಕಲಿಸಿದ ಪಾಠ. ಅವರು ಅಂಕಪಟ್ಟಿ ಮಡಚಿ ಡ್ರಾಯರಿಗೆ ಹಾಕಿದರು. ಅಂಕ ಮಾತ್ರ ಹಾಕಲಿಲ್ಲ. ನೀಲಗಂಗಾ ನಮಸ್ಕಾರ ಮಾಡಿ ಹೊರಟಳು. ಮರುವರ್ಷ ಮತ್ತೆ ಪರೀಕ್ಷೆಗೆ ಕಟ್ಟಿ ಪಾಸಾದಳು.

ನನ್ನ ರಿಪೇರಿ ಆಗಲೇ ಇಲ್ಲ. ಈಗ ಗುಜರಿ ಅಂಗಡಿಯಲ್ಲಿ, ಮುರಿದ ಫ್ಯಾನುಗಳ ನಡುವೆ ಬಿದ್ದಿದ್ದೇನೆ. ಅಂಗಡಿಯವನು ತಲೆಗೆ ತಟ್ಟಿ, “ಇದು ಸತ್ತೈತಿ,” ಎಂದ. ಅನ್ನಲಿ. ‘ಮಾತು ಆಡಿದರೆ ಹೋಯಿತು’ ಎನ್ನುತ್ತಾರೆ. ಆಡದೆ ಒಂದು ಕಂಪನಿಯೇ ಹೋದದ್ದನ್ನು ನಾನು ಕಂಡಿದ್ದೇನೆ. ವರ್ಷ ಹೋದರೂ ಮಾತು ಬಿಡದವಳ ಜೊತೆ ನಿಂತವನು ನಾನು. ತಾಮ್ರ ಬೇಕಿದ್ದರೆ ಕಿತ್ತುಕೊಳ್ಳಿ. ತಪ್ಪಾಯಿತು ಎಂದು ಮಾತ್ರ ನನ್ನಿಂದಲೂ ಹೇಳಿಸಲಾರಿರಿ.